ಉದ್ದಿನಬೇಳೆ ಬಣ್ಣದ ಗೋಡೆ

ನಮ್ಮ ಅಡುಗೆಮನೆಯ ಗೋಡೆಗೆ ಎರಡು ಸಲ ಬಣ್ಣ ಹೊಡೆಸಿದ್ದೇನೆ. ಎರಡರ ನಡುವೆ ಹನ್ನೊಂದೇ ತಿಂಗಳು. ಮೊದಲನೇ ಸಲದ ಬಣ್ಣ ಚಕ್ಕೆ ಏಳಲಿಲ್ಲ, ತೇವ ಹಿಡಿಯಲಿಲ್ಲ, ಬಿರುಕು ಬಿಡಲಿಲ್ಲ. ಪೇಂಟರ್ ಕೆಲಸದಲ್ಲಿ ಒಂದು ಕೊಂಕೂ ಇರಲಿಲ್ಲ. ಬಣ್ಣ ಆರಿಸಿದ್ದು ನಾನು, ಎಡವಿದ್ದೂ ನಾನೇ. ಬೆಳಿಗ್ಗೆ ಕಾಫಿ ಸೋಸಲು ಒಳಗೆ ಕಾಲಿಟ್ಟರೆ ಕಪಾಟಿನ ಬಾಗಿಲುಗಳು ಎದ್ದು ಬಂದು ಮುಖಕ್ಕೆ ಬಡಿದ ಹಾಗಾಗುತ್ತಿತ್ತು.

ಕಪಾಟಿನ ಕಥೆಯಿಂದಲೇ ಶುರು ಮಾಡಬೇಕು. ಅಮ್ಮನ ತವರು ಸಾಗರದ ಹತ್ತಿರದ ಒಂದು ಹಳ್ಳಿ. ನಾಲ್ಕು ವರ್ಷದ ಹಿಂದೆ ಆ ಮನೆಯನ್ನು ಇಳಿಸಿದರು. ಮಾವಂದಿರು ಒಬ್ಬೊಬ್ಬರು ಒಂದೊಂದು ಊರಲ್ಲಿದ್ದಾರೆ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಲು ಜನ ಸಿಗುವುದಿಲ್ಲ. ಸೋರುವ ಮನೆಯನ್ನು ಎಷ್ಟು ದಿನ ಅಂತ ಹಿಡಿದು ನಿಲ್ಲಿಸೋದು? ತೊಲೆ, ಜಂತಿ, ಬಾಗಿಲು ಎಲ್ಲ ಪಾಲಾದವು. ಕೆತ್ತನೆಯ ಮುಂಬಾಗಿಲು ದೊಡ್ಡ ಮಾವನಿಗೆ ಹೋಯಿತು. ಅಮ್ಮ ಕೇಳಿದ್ದು ಅಡುಗೆಮನೆಯ ಮರ. "ಮಸಿ ಹಿಡಿದ ಮರ ಯಾರಿಗೆ ಬೇಕು, ತಗೊಂಡು ಹೋಗು" ಅಂತ ಎಲ್ಲರೂ ಖುಷಿಯಿಂದಲೇ ಕೊಟ್ಟರು. ನಾಲ್ಕು ಹಲಸಿನ ತೊಲೆ, ಒಂದು ನಾಗಂದಿಗೆ, ಅಂದರೆ ಸಾಮಾನು ಇಡಲು ಗೋಡೆಗೆ ಹಾಕುವ ಹಲಗೆ. ಲಾರಿಯಲ್ಲಿ ಬೆಂಗಳೂರಿಗೆ ಬಂದಿಳಿದಾಗ ಅದು ಮರ ಅಂತ ಹೇಳುವ ಹಾಗೇ ಇರಲಿಲ್ಲ. ಎಷ್ಟೋ ವರ್ಷದ ಹೊಗೆ, ಎಣ್ಣೆ, ಇಲ್ಲಣ ಸೇರಿಕೊಂಡು ಕರಿಕಲ್ಲಿನ ಹಾಗೆ ಮಿಂಚುತ್ತಿತ್ತು.

ನನ್ನ ಆಸೆ ದೊಡ್ಡದೇನಲ್ಲ. ಅಜ್ಜಿಯ ಅಡುಗೆಮನೆಯನ್ನು ಬೆಂಗಳೂರಿನ ಎಂಟಡಿ ಹತ್ತಡಿ ಜಾಗದಲ್ಲಿ ಮತ್ತೊಮ್ಮೆ ನೋಡಬೇಕು. ಆ ತೊಲೆ ಸೀಳಿಸಿ ಕಪಾಟಿನ ಬಾಗಿಲು. ನಾಗಂದಿಗೆ ಒಲೆಯ ಪಕ್ಕದ ಗೋಡೆಗೆ. ಮತ್ತೆ ಗೋಡೆಗೆ ತಿಳಿ ನೀಲಿ. ನನ್ನ ನೆನಪಿನಲ್ಲಿ ಆ ಅಡುಗೆಮನೆಯ ಗೋಡೆ ತಿಳಿ ನೀಲಿ. ಬೇಸಿಗೆ ರಜೆಗೆ ಹೋದಾಗ ಅಜ್ಜಿ ದೋಸೆ ಹುಯ್ಯುತ್ತಿದ್ದರೆ ಹಿಂದೆ ಆ ನೀಲಿ, ಮೇಲೆ ಕಪ್ಪು ತೊಲೆ, ನಡುವೆ ಹೊಗೆ. ಅಷ್ಟು ಚಂದದ ಬಣ್ಣಗಳ ಜೋಡಿಯನ್ನು ನಾನು ಎಲ್ಲೂ ನೋಡಿಲ್ಲ ಅಂತಲೇ ಅಂದುಕೊಂಡಿದ್ದೆ.

ಮರ ಸೀಳುವ ದಿನ ನಾನೂ ಮಿಲ್ಲಿಗೆ ಹೋಗಿದ್ದೆ. ಗರಗಸ ಮೊದಲ ತೊಲೆಯ ಒಳಗೆ ಹೋದದ್ದೇ ತಡ, ಹಳದಿ ಪುಡಿ ಉದುರಲು ಶುರುವಾಯಿತು. ಗಿರಣಿಯಲ್ಲಿ ಅರಿಶಿನ ಬೀಸಿದ ಹಾಗೆ. ನಾನು ಬೇರೆ ಯಾರದೋ ಮರ ಹಾಕಿದ್ದಾರೆ ಅಂತ ಗಾಬರಿಯಾದೆ. ಆಚಾರಿ ನಕ್ಕರು. "ಹಲಸು ಯಾವತ್ತೂ ಹೀಗೇ ಸಾರ್. ಹೊರಗೆ ಮುದುಕ, ಒಳಗೆ ಹುಡುಗ."

ಹಲಸಿನ ಮರದ ತಿರುಳಿನಲ್ಲೇ ಹಳದಿ ಬಣ್ಣ ಇದೆ. ಶ್ರೀಲಂಕಾ, ಥಾಯ್ಲೆಂಡ್ ಕಡೆ ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಕಟ್ಟಲು ಇದೇ ಮರದ ಚಕ್ಕೆ ಕುದಿಸುತ್ತಿದ್ದರು. ವೀಣೆಗೂ ಮೃದಂಗಕ್ಕೂ ಇದೇ ಮರ ಬೇಕು. ಹೊಸದಾಗಿ ಕೊಯ್ದಾಗ ಬಾಳೆಹಣ್ಣಿನ ಸಿಪ್ಪೆಯ ಹಳದಿ. ಗಾಳಿ ಬೆಳಕು ತಗುಲುತ್ತ ತಗುಲುತ್ತ ಜೇನಿನ ಬಣ್ಣ, ಆಮೇಲೆ ಬೆಲ್ಲದ ಬಣ್ಣ, ಕೊನೆಗೆ ಹುಣಸೆಹಣ್ಣಿನ ಬಣ್ಣ. ಇದೆಲ್ಲ ನನಗೆ ಈಗ ಗೊತ್ತು. ಆವತ್ತು ಗೊತ್ತಿದ್ದದ್ದು "ಮರ ಅಂದರೆ ಬ್ರೌನು" ಅಂತ ಅಷ್ಟೇ.

ಪಾಲಿಶ್ ವಿಷಯದಲ್ಲೂ ಒಂದು ಸಣ್ಣ ಜಗ್ಗಾಟ ನಡೆಯಿತು. ಆಚಾರಿಗೆ ಅರಗಿನ ಪಾಲಿಶ್ ಇಷ್ಟ, ಅಂದರೆ ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ ಬಟ್ಟೆಯಲ್ಲಿ ಉಜ್ಜುವ ಹಳೇ ಕ್ರಮ. ನೋಡಲು ಅದಕ್ಕಿಂತ ಚಂದದ್ದು ಇಲ್ಲ. ಆದರೆ ಬಿಸಿ ಪಾತ್ರೆ, ನೀರು ತಗುಲಿದರೆ ಬಿಳಿ ಕಲೆ ಬೀಳುತ್ತದೆ. ಅಡುಗೆಮನೆಗೆ ಅದು ಆಗಿಬರುವುದಿಲ್ಲ. ಜೊತೆಗೆ ಅರಗಿಗೇ ಒಂದು ಕೆಂಪು ಛಾಯೆ ಇರುತ್ತದೆ, ಮರವನ್ನು ಇನ್ನಷ್ಟು ಕಿತ್ತಳೆ ಮಾಡುತ್ತದೆ. (ಅರಗು ಅಂದಾಗ ನೆನಪಾಯಿತು. ಚುನಾವಣೆಯಲ್ಲಿ ನಮ್ಮ ಬೆರಳಿಗೆ ಹಚ್ಚುವ ಶಾಯಿ ಮಾಡುವ ಮೈಸೂರಿನ ಕಾರ್ಖಾನೆ ಶುರುವಾದದ್ದೇ ಅರಗಿನಿಂದ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದಾಗ ಅದರ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಲ್ಯಾಕ್ ಅಂದರೆ ಅರಗು. ಶಾಯಿ ಬಂದದ್ದು 1962ರ ಚುನಾವಣೆಗೆ.) ಕೊನೆಗೆ ಮ್ಯಾಟ್ ಪಿ.ಯು., ಅಂದರೆ ಪಾಲಿಯುರೆಥೇನ್ ಪಾಲಿಶ್, ಹೊಡೆಸಿದೆವು. ಹೊಳಪು ಕಡಿಮೆ, ಒರೆಸಲು ಸುಲಭ.

ಡಿಸೆಂಬರಿನಲ್ಲಿ ಬಾಗಿಲುಗಳು ಕೂತವು. ಅದೇ ವಾರ ನೀಲಿ ಬಣ್ಣವೂ ಆಯಿತು. ಫೋನಿನಲ್ಲಿ ನೋಡಿದ್ದ ಯಾರದೋ ಅಡುಗೆಮನೆಯ ಫೋಟೋವನ್ನು ಅಂಗಡಿಯಲ್ಲಿ ತೋರಿಸಿ, ಅದಕ್ಕೆ ಹತ್ತಿರದ ಶೇಡ್ ಕೇಳಿ, ಹತ್ತು ಲೀಟರ್ ಒಟ್ಟಿಗೇ ಕಲಸಿಸಿಕೊಂಡು ಬಂದಿದ್ದೆ. ಉಳಿದರೆ ಬಾಲ್ಕನಿಗೆ ಆಗುತ್ತೆ ಅಂತ ಲೆಕ್ಕ. ಮೊದಲ ಕೋಟ್ ಹೊಡೆದಾಗಲೇ ಏನೋ ಸರಿ ಇಲ್ಲ ಅನಿಸಿತು. "ಒಣಗಲಿ, ಆಮೇಲೆ ನೋಡಿ" ಅಂದರು ಪೇಂಟರ್. ಒಣಗಿದ ಮೇಲೆ ಇನ್ನೂ ಒಂದು ಚೂರು ಗಾಢವಾಯಿತು. ಎಮಲ್ಷನ್ ಹಾಗೇ, ಹಸಿಯಾಗಿದ್ದಾಗ ತಿಳಿ, ಒಣಗಿದಾಗ ಗಾಢ. ಸುಣ್ಣ ಇದಕ್ಕೆ ಪೂರಾ ಉಲ್ಟಾ. ಬಳಿಯುವಾಗ ನೀರು ನೀರು, ಗೋಡೆ ಕಾಣುತ್ತಲೇ ಇರುತ್ತದೆ. ಬೆಳಗಾಗುವಷ್ಟರಲ್ಲಿ ಬೆಳ್ಳಗೆ ನಗುತ್ತಿರುತ್ತದೆ.

ನೀಲಿ ಗೋಡೆಯ ಪಕ್ಕ ನಮ್ಮ ಹಲಸಿನ ಬಾಗಿಲುಗಳು ಫ್ಯಾಂಟಾ ಬಾಟಲಿಯ ಹಾಗೆ ಕಾಣುತ್ತಿದ್ದವು. ಉತ್ಪ್ರೇಕ್ಷೆ ಅಲ್ಲ. ಆಚಾರಿಯ ಶೆಡ್ಡಿನಲ್ಲಿ, ಸಿಮೆಂಟಿನ ಗೋಡೆಗೆ ಒರಗಿಸಿಟ್ಟಾಗ ಹಿತವಾದ ಹಳದಿ ಇದ್ದ ಬಾಗಿಲುಗಳು ಇವೇನಾ ಅಂತ ನನಗೇ ಅನುಮಾನ. ಪಾಲಿಶ್ ಮಾಡಿದವರು ಏನೋ ಬೆರೆಸಿದ್ದಾರೆ ಅಂತ ಫೋನ್ ಮಾಡಿ ಜಗಳವಾಡಿದ್ದೂ ಆಯಿತು. ಪಾಪ, ಅವರ ತಪ್ಪೇನೂ ಇರಲಿಲ್ಲ.

ಇಂಥದೇ ಜಗಳ ಸುಮಾರು ಇನ್ನೂರು ವರ್ಷದ ಹಿಂದೆ ಪ್ಯಾರಿಸ್ಸಿನಲ್ಲಿ ನಡೆದಿತ್ತು ಅಂತ ಆಮೇಲೆ ಓದಿ ಸಮಾಧಾನ ಮಾಡಿಕೊಂಡೆ. ಅಲ್ಲಿ ಗೊಬ್ಲಾಂ ಅಂತ ಒಂದು ಸರ್ಕಾರಿ ನೇಯ್ಗೆ ಕಾರ್ಖಾನೆ. ಗೋಡೆಗೆ ತೂಗುಹಾಕುವ ದೊಡ್ಡ ದೊಡ್ಡ ಚಿತ್ರಪಟಗಳನ್ನು ನೇಯುವ ಜಾಗ. 1824ರಲ್ಲಿ ಅಲ್ಲಿನ ಬಣ್ಣದ ವಿಭಾಗಕ್ಕೆ ಮಿಶೆಲ್ ಶೆವ್ರಲ್ ಅನ್ನುವ ರಸಾಯನ ವಿಜ್ಞಾನಿ ಮುಖ್ಯಸ್ಥನಾಗಿ ಬಂದ. ನೇಕಾರರದ್ದು ಒಂದೇ ದೂರು: ನೀಲಿ, ನೇರಳೆ ಭಾಗಗಳಲ್ಲಿ ಬಳಸುವ ಕಪ್ಪು ನೂಲಿಗೆ ಜೀವವೇ ಇಲ್ಲ, ಬಣ್ಣ ಸರಿಯಾಗಿ ಕಟ್ಟಿಲ್ಲ. ಶೆವ್ರಲ್ ಬೇರೆ ಕಡೆಯ ಕಪ್ಪು ನೂಲು ತರಿಸಿ ಹೋಲಿಸಿದ. ತಮ್ಮ ನೂಲಿನಲ್ಲಿ ಕೊರತೆ ಏನೂ ಕಾಣಲಿಲ್ಲ. ಕಪ್ಪಿನ ಪಕ್ಕ ಕೂತಿದ್ದ ನೀಲಿ ಮತ್ತು ನೇರಳೆಯೇ ಅದನ್ನು ಮಂಕಾಗಿ ಕಾಣಿಸುತ್ತಿದ್ದವು. ಒಂದು ಬಣ್ಣ ಪಕ್ಕದ ಬಣ್ಣವನ್ನು ತನ್ನ ಎದುರು ಬಣ್ಣದ ಕಡೆಗೆ ತಳ್ಳುತ್ತದೆ ಅಂತ ಅವನು 1839ರಲ್ಲಿ ದಪ್ಪ ಪುಸ್ತಕವನ್ನೇ ಬರೆದ.

ನೀಲಿಯ ಎದುರು ಬಣ್ಣ ಕಿತ್ತಳೆ. ಬೇಕಾದರೆ ಈಗಲೇ ನೋಡಿ. ಒಂದು ಕಿತ್ತಳೆ ಹಣ್ಣನ್ನು ಅರ್ಧ ನಿಮಿಷ ಕಣ್ಣು ಮಿಟುಕಿಸದೆ ನೋಡಿ, ತಕ್ಷಣ ಬಿಳಿ ಗೋಡೆಯ ಕಡೆ ತಿರುಗಿ. ಗೋಡೆಯ ಮೇಲೆ ತಿಳಿ ನೀಲಿ ಹಣ್ಣೊಂದು ತೇಲುತ್ತದೆ. ನಾನು ಮಾಡಿದ್ದೇನು ಅಂದರೆ, ಹೊಸದಾಗಿ ಉಜ್ಜಿದ, ಕಿತ್ತಳೆಗೆ ವಾಲಿದ ಹಲಸಿನ ಸುತ್ತ ನಾಲ್ಕೂ ಕಡೆ ಅದರ ಎದುರು ಬಣ್ಣ ಹೊಡೆಸಿ, ಅದನ್ನು ಇನ್ನಷ್ಟು ಕಿತ್ತಳೆ ಮಾಡಿದ್ದು. ನೀಲಿ ಚೆನ್ನಾಗಿಯೇ ಇತ್ತು, ಮರವೂ ಚೆನ್ನಾಗಿಯೇ ಇತ್ತು. ಒಂದೇ ಮನೆಯಲ್ಲಿ ಇಬ್ಬರು ಜೋರು ದನಿಯವರು ಇದ್ದ ಹಾಗಾಯಿತು.

ಹಾಗಾದರೆ ಅಜ್ಜಿಯ ಅಡುಗೆಮನೆಯಲ್ಲಿ ಅದೇ ನೀಲಿ, ಅದೇ ಹಲಸು ಹೇಗೆ ಹೊಂದಿದ್ದವು? ಈ ಪ್ರಶ್ನೆ ನನ್ನನ್ನು ತುಂಬಾ ದಿನ ಕಾಡಿತು. ಅಮ್ಮನ ಹತ್ತಿರ ಕೇಳಿದೆ.

"ನೀಲಿ ಎಲ್ಲಿತ್ತೋ? ಅದು ಸುಣ್ಣ" ಅಂದಳು ಅಮ್ಮ.

"ಇಲ್ಲಮ್ಮ, ನೀಲಿ. ನನಗೆ ಚೆನ್ನಾಗಿ ನೆನಪಿದೆ."

ಅಮ್ಮ ಸ್ವಲ್ಪ ಹೊತ್ತು ಯೋಚಿಸಿ ನಗಲು ಶುರು ಮಾಡಿದಳು. ಸುಣ್ಣಕ್ಕೆ ಒಂದು ಚಿಟಿಕೆ ನೀಲಿ ಹಾಕುವುದು ನಿಮಗೆಲ್ಲ ಗೊತ್ತು. ಬಿಳಿ ಪಂಚೆಗೆ ಹಾಕುವ ಅದೇ ನೀಲಿ. ಸುಣ್ಣದಲ್ಲಿ ಇರುವ ಸಣ್ಣ ಹಳದಿಯನ್ನು ಅದು ತಿಂದುಹಾಕುತ್ತದೆ, ಬಿಳಿ ಇನ್ನೂ ಬಿಳಿಯಾಗಿ ಕಾಣುತ್ತದೆ. ಶೆವ್ರಲ್ ಪುಸ್ತಕ ಬರೆದದ್ದನ್ನು ನಮ್ಮ ಅಜ್ಜಿಯಂದಿರು ಬಕೆಟ್ಟಿನಲ್ಲಿ ಮಾಡುತ್ತಿದ್ದರು. ಆದರೆ ಒಂದು ದೀಪಾವಳಿಗೆ ಮುಂಚೆ ಸುಣ್ಣ ಬಳಿಯುವಾಗ ಚಿಕ್ಕ ಮಾವ ಚಿಟಿಕೆ ಹಾಕುವ ಕಡೆ ಪೊಟ್ಟಣವನ್ನೇ ಸುರಿದುಬಿಟ್ಟನಂತೆ. ಅಷ್ಟು ಸುಣ್ಣ ಚೆಲ್ಲಲು ಮನಸ್ಸು ಬರದೆ ಅಜ್ಜಿ ಅದನ್ನೇ ಬಳಿಸಿದರಂತೆ. "ನಿನಗೆ ನೆನಪಿರೋದು ಆ ಒಂದು ವರ್ಷ" ಅಂದಳು ಅಮ್ಮ. "ಮುಂದಿನ ವರ್ಷ ಮತ್ತೆ ಬಿಳಿ."

ನನ್ನ ಬಾಲ್ಯದ ನೀಲಿ ಒಂದು ಅಚಾತುರ್ಯ ಅಂತ ತಿಳಿದು ಸ್ವಲ್ಪ ಬೇಜಾರೇ ಆಯಿತು. ಆದರೂ ಪ್ರಶ್ನೆ ಹಾಗೇ ಉಳಿಯಿತಲ್ವಾ? ಆ ಒಂದು ವರ್ಷ ಅದು ಚಂದವಾಗಿಯೇ ಕಂಡಿತ್ತು. ಉತ್ತರ ಗರಗಸದ ಮಿಲ್ಲಿನಲ್ಲೇ ಸಿಕ್ಕಿತ್ತು, ನಾನು ಗಮನಿಸಿರಲಿಲ್ಲ. ಅಜ್ಜಿಯ ಅಡುಗೆಮನೆಯ ಹಲಸು ಕಿತ್ತಳೆ ಆಗಿರಲಿಲ್ಲ. ಹೊಗೆ ಕುಡಿದು ಕುಡಿದು ಕಪ್ಪಾಗಿತ್ತು. ಕಪ್ಪಿನ ಪಕ್ಕ ಯಾವ ನೀಲಿಯಾದರೂ ತಣ್ಣಗೆ ಕೂತುಕೊಳ್ಳುತ್ತದೆ. ನಾನು ಊರಿಂದ ಮರ ತಂದೆ, ಬಣ್ಣ ತಂದೆ. ಮಸಿಯನ್ನು ಮಾತ್ರ ಮಿಲ್ಲಿನಲ್ಲಿ ದುಡ್ಡು ಕೊಟ್ಟು ಕೆರೆಸಿ ಬಂದೆ.

ಇಷ್ಟಾದ ಮೇಲೆ ಮತ್ತೆ ಬಣ್ಣ ಹೊಡೆಸೋದು ಖಾತ್ರಿಯಾಯಿತು. ಮನೆಯಲ್ಲಿ ಯಾರೂ ಬೈಯಲಿಲ್ಲ, ಅದೇ ಹೆಚ್ಚು ನೋವಿನ ವಿಷಯ. ಆದರೆ ಈ ಸಲ ಅವಸರ ಮಾಡಲಿಲ್ಲ. ಸುಮ್ನೆ ಕೂತು ನೋಡಿದೆ. ಬೇರೆ ಬೇರೆ ಹೊತ್ತಿನಲ್ಲಿ ಕಾಫಿ ಲೋಟ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಲ್ಲುವುದು ಒಂದು ಚಾಳಿಯೇ ಆಯಿತು.

ನೋಡಿದ್ದರಿಂದ ಗೊತ್ತಾದ ಮೊದಲ ವಿಷಯ, ನಮ್ಮ ಅಡುಗೆಮನೆಗೆ ಬರುವ ಬೆಳಕು ಬೆಳ್ಳಗಿಲ್ಲ. ಕಿಟಕಿ ಇರುವುದು ಉತ್ತರಕ್ಕೆ. ಆರಡಿ ಆಚೆ ಪಕ್ಕದ ಮನೆಯ ಗೋಡೆ, ಅದಕ್ಕೆ ಗಿಳಿ ಹಸಿರು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಆ ಸಂದಿಯ ತುಂಬ ನಮ್ಮದೇ ಕಟ್ಟಡದ ನೆರಳು. ಒಳಗೆ ಬೂದು ಬೆಳಕು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ ಸೂರ್ಯ ನೇರ ನೆತ್ತಿಗೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಶಾಲೆ ಮಕ್ಕಳು ಅಂಗಳದಲ್ಲಿ ಕೋಲು ನಿಲ್ಲಿಸಿ ನೋಡುತ್ತಾರಲ್ಲ, ಆವತ್ತು. ಆಮೇಲೆ ಆಗಸ್ಟ್ 18ರವರೆಗೂ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲೇ. ಆ ದಿನಗಳಲ್ಲಿ ಬಿಸಿಲು ಸಂದಿಗೆ ಇಳಿದು, ನಮ್ಮ ಹೊರಗೋಡೆಗೂ ನೆಲಕ್ಕೂ ತಗುಲಿ, ಅಲ್ಲಿಂದ ಹಸಿರು ಗೋಡೆಗೆ ಬಡಿದು, ಹಸಿರಾಗಿಯೇ ನಮ್ಮ ಕಿಟಕಿಯೊಳಗೆ ಬರುತ್ತದೆ. ಮೇ ತಿಂಗಳಲ್ಲಿ ನಮ್ಮ ನೀಲಿ ಗೋಡೆ ಈಜುಕೊಳದ ಬಣ್ಣಕ್ಕೆ ತಿರುಗಿತ್ತು. ಪಕ್ಕದವರು ಬಣ್ಣ ಬದಲಾಯಿಸಿದರೆ ನಮ್ಮ ಅಡುಗೆಮನೆಯೂ ಬದಲಾಗುತ್ತದೆ. ಅವರನ್ನು ಕೇಳಿ ಬಣ್ಣ ಆರಿಸಬೇಕಾಗಿತ್ತೇನೋ.

ಎರಡನೆಯದು ಟ್ಯೂಬ್‌ಲೈಟ್. ನಾವು ಅಡುಗೆ ಮಾಡುವುದೇ ಜಾಸ್ತಿ ದೀಪ ಹಾಕಿಕೊಂಡು. ಬೆಳಿಗ್ಗೆ ಆರಕ್ಕೆ, ರಾತ್ರಿ ಏಳಕ್ಕೆ. ಎಲ್.ಇ.ಡಿ. ಡಬ್ಬಿಯ ಮೇಲೆ ಕೆಲ್ವಿನ್ ಅಂತ ಒಂದು ನಂಬರ್ ಇರುತ್ತದೆ, ನಾವು ಯಾರೂ ನೋಡುವುದಿಲ್ಲ. ಅಂಗಡಿಯಲ್ಲಿ ಟ್ಯೂಬ್ ಕೇಳಿದರೆ ಸಾಮಾನ್ಯವಾಗಿ ಕೊಡುವುದು 6500. ಅದು ನೀಲಿಗೆ ವಾಲಿದ ಬಿಳಿ. 2700, 3000 ಅಂತ ಇದ್ದರೆ ಹಳೇ ಬುರುಡೆ ಬಲ್ಬಿನ ಹಳದಿ. ನಂಬರ್ ಜಾಸ್ತಿಯಾದಷ್ಟೂ ಬೆಳಕು ತಣ್ಣಗಾಗುತ್ತದೆ, ಇದೊಂದು ತಮಾಷೆ. 6500ರ ಬೆಳಕಿನಲ್ಲಿ ಮರಕ್ಕೆ ಜ್ವರ ಬಂದ ಹಾಗೆ ಕಾಣುತ್ತದೆ. 2700 ಹಾಕಿದರೆ ಮರ ಚಂದ, ಆದರೆ ಪಾಲಕ್ ಸೊಪ್ಪು ಬಾಡಿದ ಹಾಗೆ ಕಾಣುತ್ತದೆ, ಸಾರಿನ ಬಣ್ಣ ಗೊತ್ತಾಗುವುದಿಲ್ಲ. ನಡುವಿನ 4000 ತಂದು ಹಾಕಿದೆ. ಇನ್ನೂರೈವತ್ತು ರೂಪಾಯಿಗೆ ಅರ್ಧ ಸಮಸ್ಯೆ ಮುಗಿಯಿತು. ಗೋಡೆಗೆ ಕೈ ಹಾಕುವ ಮೊದಲು ಬಲ್ಬ್ ಬದಲಾಯಿಸಿ ನೋಡಿ ಅಂತ ಈಗ ಸಿಕ್ಕಿದವರಿಗೆಲ್ಲ ಹೇಳುತ್ತೇನೆ. ಯಾರೂ ಕೇಳುವುದಿಲ್ಲ. ಶೇಡ್ ಕಾರ್ಡ್ ನೋಡುವುದರಲ್ಲಿ ಇರುವ ಸುಖ ಬಲ್ಬಿನ ಡಬ್ಬಿ ಓದುವುದರಲ್ಲಿ ಇಲ್ಲ.

ಇನ್ನು ಬಣ್ಣ. ಹೆಚ್ಚಿನವರು ಹೇಳಿದ್ದು ಒಂದೇ, "ಬಿಳಿ ಹೊಡೆಸಿ, ಎಲ್ಲದಕ್ಕೂ ಹೊಂದುತ್ತೆ." ಅಲ್ಲೇ ಇರುವುದು ಗುಟ್ಟು. ಬಿಳಿಯಲ್ಲಿ ನೂರು ಬಿಳಿ ಇದೆ. ಅಂಗಡಿಯ ಅಚ್ಚ ಬಿಳಿಗೆ ಸಣ್ಣಗೆ ನೀಲಿ ವಾಲು ಇರುತ್ತದೆ. ಅದರ ಪಕ್ಕ ಮರ ಇಟ್ಟರೆ ಮರ ಕೊಳೆಯಾಗಿ ಕಾಣುತ್ತದೆ, ಬಾಗಿಲು ಒರೆಸಬೇಕು ಅನಿಸುತ್ತದೆ. ಇನ್ನು ಕೆಲವರು "ಕ್ರೀಮ್ ಹೊಡೆಸಿ" ಅಂದರು. ಕ್ರೀಮ್‌ನಲ್ಲಿ ಹಳದಿ ಜಾಸ್ತಿಯಾದರೆ ಗೋಡೆಯೂ ಹಳದಿ, ಮರವೂ ಹಳದಿ, ಎಲ್ಲಿ ಗೋಡೆ ಮುಗಿದು ಬಾಗಿಲು ಶುರುವಾಯಿತು ಅಂತಲೇ ತಿಳಿಯುವುದಿಲ್ಲ.

ದಸರಾ ರಜೆಗೆ ಅಮ್ಮ ಶಿವಮೊಗ್ಗದಿಂದ ಬಂದಳು. ನಾನು ಊಟದ ಮೇಜಿನ ತುಂಬ ಶೇಡ್ ಕಾರ್ಡ್ ಹರಡಿಕೊಂಡು ಕೂತಿದ್ದೆ. ಅದರಲ್ಲಿ ಬಣ್ಣಗಳಿಗೆ ಇಟ್ಟಿರುವ ಹೆಸರುಗಳೋ, ಒಂದೂ ಬಾಯಿಗೆ ಬರುವುದಿಲ್ಲ. ಯಾವುದೋ ದೇಶದ ಮರಳು, ಯಾವುದೋ ಕಾಡಿನ ಮಂಜು. ಅಮ್ಮನಿಗೆ ಸೀರೆ ಅಂಗಡಿಯ ಬಣ್ಣಗಳು ಗೊತ್ತು. ಕನಕಾಂಬರ, ಗಂಧದ ಬಣ್ಣ, ಮಾವಿನ ಚಿಗುರು, ಎಂ.ಎಸ್. ಬ್ಲೂ. ಕಾರ್ಡನ್ನು ಎರಡು ನಿಮಿಷ ತಿರುಗಿಸಿ ನೋಡಿ ಪಕ್ಕಕ್ಕಿಟ್ಟಳು.

"ಇಷ್ಟು ಚಿಕ್ಕ ತುಂಡು ನೋಡಿ ಯಾರಾದರೂ ಸೀರೆ ತಗೊಳ್ತಾರಾ" ಅಂತ ಹೇಳಿ ಒಳಗೆ ಹೋದಳು. ಡಬ್ಬಿ ತೆಗೆಯುವ ಸದ್ದು ಕೇಳಿತು. ಹೋಗಿ ನೋಡಿದರೆ ಕಟ್ಟೆಯ ಮೇಲೆ ಬಟ್ಟಲುಗಳ ಸಾಲು. ಅಕ್ಕಿ, ಹೆಸರುಬೇಳೆ, ಕಡಲೆಹಿಟ್ಟು, ಗಸಗಸೆ, ಉದ್ದಿನಬೇಳೆ, ರಾಗಿ ಹಿಟ್ಟು, ಹೆಸರುಕಾಳು. ಒಂದೊಂದನ್ನೂ ಮೊರದಲ್ಲಿ ಹರಡಿ ಕಪಾಟಿನ ಬಾಗಿಲಿಗೆ ಒರಗಿಸಿ ಹಿಡಿಯುವುದು, ಹಿಂದೆ ಸರಿದು ನೋಡುವುದು.

ಕಡಲೆಹಿಟ್ಟು ಮೊದಲೇ ಸೋತಿತು, ಅದು ಮರದ ಬಣ್ಣವೇ. ಹೆಸರುಬೇಳೆಯೂ ಅಷ್ಟೇ. ಅಕ್ಕಿ ಹಿಡಿದರೆ ಮರ ಕೊಳೆ. ನಾನು ಹೇಳಿದ ಅಚ್ಚ ಬಿಳಿಯ ಕಥೆಯೇ. ಗಸಗಸೆ ಚೆನ್ನಾಗಿತ್ತು, ತೀರಾ ಬೂದಿ ಅನಿಸಿತು. ಆಶ್ಚರ್ಯ ಅಂದರೆ ರಾಗಿ ಹಿಟ್ಟು. ಆ ಬೂದು ಕಂದು ಗುಲಾಬಿಯ ಪಕ್ಕ ಹಲಸು ದೇವರ ಕೋಣೆಯ ದೀಪದ ಹಾಗೆ ಹೊಳೆಯಿತು. ದೊಡ್ಡ ಅಡುಗೆಮನೆ, ಎರಡು ಕಿಟಕಿ ಇದ್ದಿದ್ದರೆ ನಾನು ಕಣ್ಣು ಮುಚ್ಚಿ ರಾಗಿ ಬಣ್ಣ ಹೊಡೆಸುತ್ತಿದ್ದೆ. ಅಮ್ಮನ ಮನಸ್ಸು ಹೆಸರುಕಾಳಿನ ಮೇಲಿತ್ತು. "ಮರಕ್ಕೆ ಎಲೆ ಹೊಂದದೆ ಇರುತ್ತಾ" ಅನ್ನುವುದು ಅವಳ ವಾದ. ವಾದ ಸರಿಯಾಗಿಯೇ ಇದೆ. ಮಂಕಾದ, ಬೂದಿ ಬೆರೆತ ಹಸಿರು ಯಾವ ಮರದ ಪಕ್ಕವೂ ಜಗಳ ಮಾಡುವುದಿಲ್ಲ. ಆದರೆ ಪಕ್ಕದ ಮನೆಯವರು ನಮಗೆ ಬೇಕಾದಷ್ಟು ಹಸಿರನ್ನು ಬಿಟ್ಟಿಯಾಗಿ ಕೊಡುತ್ತಿದ್ದಾರಲ್ಲ.

ಉಳಿದದ್ದು ಉದ್ದಿನಬೇಳೆ. ಒಂದು ಹಿಡಿ ಉದ್ದಿನಬೇಳೆಯನ್ನು ಸರಿಯಾಗಿ ನೋಡಿದ್ದೀರಾ? ನಾನು ನೋಡಿರಲಿಲ್ಲ, ದಿನಾ ಒಗ್ಗರಣೆಗೆ ಹಾಕಿದರೂ. ಅದು ಬಿಳಿ ಅಲ್ಲ, ಕ್ರೀಮೂ ಅಲ್ಲ. ಬಿಳಿಗೆ ಸ್ವಲ್ಪ ಹಳದಿ, ಸ್ವಲ್ಪ ಬೂದು. ಹಳದಿ ಇರುವುದರಿಂದ ಮರದ ಜೊತೆ ಸಂಬಂಧ ಉಳಿಯುತ್ತದೆ. ಬೂದು ಇರುವುದರಿಂದ ಅತಿಯಾಗುವುದಿಲ್ಲ. ಮೊರ ಬಾಗಿಲಿಗೆ ಒರಗಿಸಿದಾಗ ಮೊದಲ ಸಲ ನನಗೆ ಆ ಬಾಗಿಲಿನ ನಾರು, ಗಂಟು, ಎಳೆ ಕಂಡವು. ಅಲ್ಲಿಯವರೆಗೆ ಕಿತ್ತಳೆ ಮಾತ್ರ ಕಾಣುತ್ತಿತ್ತು.

ಮಾರನೇ ದಿನ ಉದ್ದಿನಬೇಳೆಯನ್ನು ಪೊಟ್ಟಣ ಕಟ್ಟಿಕೊಂಡು ಪೇಂಟ್ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಮೊದಲು ನಕ್ಕ. ಆಮೇಲೆ ಉತ್ಸಾಹ ಬಂತು. ಬಣ್ಣ ಅಳೆಯುವ ಸಣ್ಣ ಯಂತ್ರ ಅವರಲ್ಲಿತ್ತು. ಬೇಳೆಯ ಮೇಲಿಟ್ಟರೆ ಒಂದೊಂದು ಸಲ ಒಂದೊಂದು ಬಣ್ಣ ಹೇಳಿತು. ಕಾಳುಗಳ ನಡುವಿನ ನೆರಳು ಅದನ್ನು ದಾರಿ ತಪ್ಪಿಸುತ್ತಿತ್ತು ಅನಿಸುತ್ತದೆ. ಕೊನೆಗೆ ಕಣ್ಣಳತೆಯಲ್ಲೇ ಮೂರು ಶೇಡ್ ಆರಿಸಿ ಮೂರು ಸಣ್ಣ ಡಬ್ಬಿ ಕಲಸಿಸಿದೆ. ಕಲಸುವ ಯಂತ್ರದ ಪರದೆ ನೋಡುತ್ತ ನಿಂತಿದ್ದೆ. ಮೂಲದ ಬಿಳಿ ಬಣ್ಣಕ್ಕೆ ಹಳದಿ ಆಕ್ಸೈಡ್ ಕೆಲವು ಹನಿ, ಕಪ್ಪು ಒಂದೆರಡು ಹನಿ, ಕೆಂಪು ಆಕ್ಸೈಡ್ ಇನ್ನೂ ಕಡಿಮೆ. ಈ ಕೆಂಪು, ಹಳದಿ ಎರಡೂ ಕಬ್ಬಿಣದ ಆಕ್ಸೈಡುಗಳೇ. ಅಂದರೆ ನಮ್ಮೂರ ಕೆಮ್ಮಣ್ಣಿಗೆ ಕೆಂಪು ಕೊಟ್ಟ ಅದೇ ಕಬ್ಬಿಣ. ಅಜ್ಜಿಯ ಮನೆಯ ಗೋಡೆಗೆ ಮೇಲೆ ಸುಣ್ಣ, ಕೆಳಗೆ ಮೊಣಕಾಲೆತ್ತರ ಕೆಮ್ಮಣ್ಣು. ಅಲ್ಲಿ ಮರಕ್ಕೆ ಗೋಡೆ ಹೊಂದುತ್ತದಾ ಅಂತ ಯಾರೂ ಕೇಳಿದ್ದಿಲ್ಲ. ಮರ ಹಿತ್ತಲಿನದು, ಮಣ್ಣು ಗುಡ್ಡದ್ದು, ಎರಡೂ ಮೊದಲಿಂದ ಒಟ್ಟಿಗೇ ಇದ್ದವು.

ಮೂರು ಶೇಡುಗಳನ್ನು ಗೋಡೆಗೆ ನೇರ ಹಚ್ಚಲಿಲ್ಲ. ನೀಲಿಯ ನಡುವೆ ಹಚ್ಚಿದರೆ ಯಾವ ಬಣ್ಣವೂ ನಿಜ ಹೇಳುವುದಿಲ್ಲ. ಮೂರು ದೊಡ್ಡ ಡ್ರಾಯಿಂಗ್ ಶೀಟಿಗೆ ಎರಡೆರಡು ಕೋಟ್ ಹೊಡೆದು, ಒಣಗಿಸಿ, ಬಾಗಿಲಿನ ಪಕ್ಕ ಅಂಟಿಸಿ ಒಂದು ವಾರ ಬಿಟ್ಟೆ. ಒಂದು ಶೀಟ್ ಬೆಳಿಗ್ಗೆ ಚೆನ್ನಾಗಿದ್ದು ರಾತ್ರಿ ಗುಲಾಬಿಯಾಗುತ್ತಿತ್ತು. ಇನ್ನೊಂದು ಮೋಡದ ದಿನ ಸಿಮೆಂಟ್ ಆಗುತ್ತಿತ್ತು. ಮೂರನೆಯದು ಯಾವ ಹೊತ್ತಿಗೂ ಗಮನವನ್ನೇ ಸೆಳೆಯಲಿಲ್ಲ. ಅದನ್ನೇ ಆರಿಸಿದೆ. ಕಾರ್ಡಿನ ಹಿಂದೆ ಆ ಬಣ್ಣ ನೂರಕ್ಕೆ ಎಷ್ಟು ಬೆಳಕು ವಾಪಸ್ ಕೊಡುತ್ತದೆ ಅಂತ ಒಂದು ಅಂಕಿ ಇರುತ್ತದೆ. ಇದರದ್ದು ಎಪ್ಪತ್ತರ ಮೇಲಿತ್ತು. ಒಂದೇ ಕಿಟಕಿಯ ಅಡುಗೆಮನೆಗೆ ಅದೂ ಒಂದು ಲಾಭ.

ನಿಮ್ಮ ಮನೆಯ ಕಪಾಟು ಹಲಸಿನದಲ್ಲದಿದ್ದರೆ ಉದ್ದಿನಬೇಳೆಯೇ ಬೇಕು ಅಂತೇನಿಲ್ಲ. ಬೀಟೆಯ ಕಪ್ಪಿನಲ್ಲಿ ಸಣ್ಣ ನೇರಳೆ ಇರುತ್ತದೆ, ಅದರ ಪಕ್ಕ ಹಳದಿ ಗೋಡೆ ನನಗೆ ಸೇರುವುದಿಲ್ಲ, ಗಸಗಸೆ ಸೇರುತ್ತದೆ. ತೇಗ ಹಲಸಿನಷ್ಟು ಗಲಾಟೆಯದಲ್ಲ. ಲ್ಯಾಮಿನೇಟ್ ಆದರೆ ನೀವು ಅದೃಷ್ಟವಂತರು. ಅದು ಮರದ ಫೋಟೋ ಅಷ್ಟೇ, ಮೊದಲ ದಿನ ಕಂಡ ಬಣ್ಣ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಒಮ್ಮೆ ಹೊಂದಿಸಿದರೆ ಮುಗಿಯಿತು. ನಿಜದ ಮರ ಹಾಗಲ್ಲ, ಅದು ಹೊಂದಿಸಿದ ಮೇಲೂ ನಡೆಯುತ್ತಲೇ ಇರುತ್ತದೆ.

ಪೇಂಟರ್ ಅದೇ ಹಳಬರು. "ಏನ್ ಸಾರ್, ವರ್ಷಕ್ಕೊಂದು ಸಲನಾ" ಅಂದರು. ಮ್ಯಾಟ್ ಬೇಡ, ಸ್ವಲ್ಪ ಹೊಳಪು ಇರಲಿ ಅಂತ ಅವರೇ ಹೇಳಿದರು. ಹೊಳಪಿದ್ದರೆ ಗೋಡೆಯ ಉಬ್ಬುತಗ್ಗು ಎದ್ದು ಕಾಣುತ್ತದೆ, ಆದರೆ ಒಗ್ಗರಣೆಯ ಎಣ್ಣೆ ಒರೆಸಿದರೆ ಹೋಗುತ್ತದೆ. ಅರಿಶಿನದ ಕಲೆ ಮಾತ್ರ ಜಗ್ಗುವುದಿಲ್ಲ. ಸೋಪಿನ ನೀರು ಹಾಕಿದರೆ ಅದು ಕೆಂಪಾಗಿ ಗಾಬರಿ ಹುಟ್ಟಿಸುತ್ತದೆ. ಸುಣ್ಣ ತಾಗಿದಾಗ ಅರಿಶಿನ ಕೆಂಪಾಗುತ್ತದಲ್ಲ, ಆರತಿಯ ಓಕುಳಿ ನೀರು ಮಾಡುವುದೇ ಹಾಗೆ, ಇದೂ ಅದೇ ಆಟ. ಕಿಟಕಿಯ ಹತ್ತಿರದ ಕಲೆಯಾದರೆ ಚಿಂತೆ ಬೇಡ. ಬಿಸಿಲಿಗೆ ಅರಿಶಿನ ತಾನಾಗಿಯೇ ಬಣ್ಣ ಬಿಡುತ್ತದೆ. ಒಳಗೋಡೆಯಲ್ಲಿ ನಮ್ಮದೊಂದು ಬಿಸಿಬೇಳೆಬಾತಿನ ಕಲೆ ಇನ್ನೂ ಇದೆ.

ಇದಾಗಿ ಎರಡು ವರ್ಷದ ಮೇಲಾಯಿತು. ಹೋದ ತಿಂಗಳು ಸಿಂಕಿನ ಪಕ್ಕದ ಬಾಗಿಲಿಗೆ ಯಾವಾಗಲೂ ನೇತುಹಾಕಿರುತ್ತಿದ್ದ ಕೈವಸ್ತ್ರ ತೆಗೆದು ಒಗೆಯಲು ಹಾಕಿದೆ. ಅದರ ಕೊಕ್ಕೆಯನ್ನೂ ಬಿಚ್ಚಿ ಬೇರೆ ಕಡೆ ಹಾಕಿದೆ. ಬಾಗಿಲಿನ ಮೇಲೆ ಕೈವಸ್ತ್ರದ ಅಳತೆಯ ಒಂದು ಹಳದಿ ಚೌಕ ಉಳಿದಿತ್ತು. ಅಷ್ಟು ಜಾಗ ಮಾತ್ರ ಮಿಲ್ಲಿನಿಂದ ಬಂದ ದಿನದ ಹಲಸು. ಸುತ್ತಲಿನ ಮರ ಬೆಲ್ಲದ ಬಣ್ಣಕ್ಕೆ ಹೋಗಿಯಾಗಿತ್ತು, ನಮಗ್ಯಾರಿಗೂ ಗೊತ್ತೇ ಆಗಿರಲಿಲ್ಲ.

ವಿಡಿಯೋ ಕಾಲಿನಲ್ಲಿ ಅಮ್ಮನಿಗೆ ತೋರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದಳು. "ಇನ್ನು ಹತ್ತು ಹದಿನೈದು ವರ್ಷ ಹೋಗಲಿ, ಕಪ್ಪಾಗುತ್ತೆ. ಆವಾಗ ನಿನ್ನ ನೀಲಿ ಹೊಡೆಸ್ಕೋ" ಅಂದಳು.

ಮೂರು ಲೀಟರಿನಷ್ಟು ನೀಲಿ ಬಣ್ಣ ಅಟ್ಟದ ಮೇಲೆ ಇನ್ನೂ ಇತ್ತು. ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ. ಡಬ್ಬಿ ಎಸೆಯುವ ಮುಂಚೆ ಅದರ ಮೇಲಿದ್ದ ಶೇಡ್ ನಂಬರನ್ನು ಅದೇ ಬಾಗಿಲಿನ ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟೆ.